ಡೀಸೆಲ್ ಗಾಡಿಯ ವಾತಬಾಧೆ

ಗೃಹಸ್ಥನಾದವನು ತಿಳಿದಿರಬೇಕಾದ ಸಣ್ಣಪುಟ್ಟ ವಿಷಯಗಳನ್ನು ಈ ಪುಟದಲ್ಲಿ ತಿಂಗಳು ತಿಂಗಳೂ ಬರೆಯುತ್ತ ಬಂದಿರುವ ನಮಗೆ, ಒಂದು ದಿನ ಮೋಟಾರು ಗಾಡಿಯ ಯಂತ್ರವನ್ನು ಕುರಿತೂ ಬರೆಯಬೇಕಾದೀತೆಂಬುದು ತಿಳಿದೇ ಇದ್ದಿತು. ಹಿಂದೆ ಮನೆಯ ಯಜಮಾನನು ಎತ್ತಿನ ಗೊರಸನ್ನೂ ಬಂಡಿಯ ಅಚ್ಚಿಗೆ ಹಚ್ಚುವ ಎಣ್ಣೆಯನ್ನೂ ತಾನೇ ನೋಡಿಕೊಳ್ಳುತ್ತಿದ್ದನು. ಬಂಡಿಯು ಹೋಗಿ ಕಾರು ಬಂದ ಮೇಲೆ ಆ ನೋಟವು ಪರರ ಪಾಲಾಯಿತು. ಪರರಿಗೆ ಒಪ್ಪಿಸುವುದು ತಪ್ಪಲ್ಲ. ಕುಲಾವಿಯನ್ನು ಹೊಲಿಯಿಸಲು ದರ್ಜಿಯ ಬಳಿಗೆ ಹೋಗುವಂತೆ ಯಂತ್ರವನ್ನು ಸರಿಪಡಿಸಲು ಬಲ್ಲವನ ಬಳಿಗೆ ಹೋಗಲೇಬೇಕು. ಆದರೆ ಅವನು ಏನನ್ನು ಮಾಡುತ್ತಿರುವನು, ಏತಕ್ಕಾಗಿ ಹಣವನ್ನು ಕೇಳುತ್ತಿರುವನು ಎಂಬಷ್ಟನ್ನಾದರೂ ಅರಿಯದಿದ್ದರೆ ಮನೆಯ ಗಂಟು ಕರಗಲು ಹೆಚ್ಚು ಕಾಲ ಹಿಡಿಯದು.

ಮಸ್ಕಿಯಿಂದ ವಾಚಕರೊಬ್ಬರು ಬರೆದ ಪತ್ರವು ಇದಕ್ಕೆ ಉದಾಹರಣೆಯಾಗಿದೆ. ಅವರ ಮನೆಯಲ್ಲಿ ಒಂದು ಡೀಸೆಲ್ ಕಾರಿದೆ. ವೃದ್ಧ ಮಾತೃಶ್ರೀಯವರನ್ನು ವಾರಕ್ಕೊಮ್ಮೆ ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುವುದೇ ಆ ಕಾರಿನ ಮುಖ್ಯ ಕಾರ್ಯ. ಡೀಸೆಲ್ ಫಿಲ್ಟರನ್ನು ಬದಲಿಸುವ ಕಾಲ ಬಂದಿತೆಂದು ಅವರು ಒಬ್ಬ ಕೆಲಸಗಾರನನ್ನು ಮನೆಗೇ ಕರೆಯಿಸಿದರು. ಹಳೆಯ ಫಿಲ್ಟರು ಹೊರಬಂದಿತು, ಹೊಸದು ಅದರ ಸ್ಥಾನವನ್ನು ಹಿಡಿಯಿತು. ಗಾಡಿ ಮಾತ್ರ ಹೊರಡಲಿಲ್ಲ. ಆತನು ಚಾವಿಯನ್ನು ತಿರುವಿ ತಿರುವಿ ಸೆಲ್ಫು ಹೊಡೆದನು. ಅರ್ಧ ಗಂಟೆಯಲ್ಲಿ ಬ್ಯಾಟರಿಯೂ ಮೌನವ್ರತವನ್ನು ಹಿಡಿಯಿತು. ಕಡೆಗೆ, ‘ಪಂಪು ಹೋಗಿದೆ, ಇಳಿಸಿ ಹೊಸದನ್ನು ಹಾಕಬೇಕು’ ಎಂದು ಹೇಳಿ, ಆ ಸಂಸಾರವು ಆರು ತಿಂಗಳು ಉಳಿಸಿದರೂ ಕೂಡದಷ್ಟು ಹಣವನ್ನು ಕೇಳಿದನು. ‘ಒಪ್ಪಬೇಕೋ ಬೇಡವೋ? ಆಸ್ಪತ್ರೆಯ ದಿನವು ಹತ್ತಿರ ಬಂದಿದೆ’ ಎಂದು ಅವರು ಕೇಳಿದ್ದರು. ಮಾಸಪತ್ರಿಕೆಯ ಉತ್ತರಕ್ಕಾಗಿ ಕಾಯುವ ಪ್ರಶ್ನೆಯು ಇದಲ್ಲವಾದ್ದರಿಂದ ಅಂದೇ ಫೋನಿನಲ್ಲಿ ಉತ್ತರವನ್ನು ಹೇಳಿದೆವು. ಇಂತಹ ಪ್ರಶ್ನೆಯು ಇನ್ನೆಷ್ಟೋ ಮನೆಗಳಲ್ಲಿ ಹುಟ್ಟತಕ್ಕದ್ದೆಂದು ತೋರಿ, ಅದನ್ನೇ ಇಲ್ಲಿ ವಿಸ್ತರಿಸುತ್ತಿರುವೆವು.

ಮಸ್ಕಿಯ ಹೆಸರು ಬಂದ ಮೇಲೆ ಅಲ್ಲಿಯ ಬಂಡೆಯ ಶಾಸನವು ನೆನಪಿಗೆ ಬಾರದಿರದು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು ಅದನ್ನು ಬೆಳಕಿಗೆ ತಂದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳು ಮಾತ್ರ ಇದ್ದುವು. ಬಿರುದಿನ ಹಿಂದೆ ಇದ್ದ ರಾಜನು ಅಶೋಕನೇ ಎಂದು ಹೆಸರು ಹೇಳಿ ತೋರಿಸಿದ ಮೊದಲ ಶಾಸನವು ಮಸ್ಕಿಯದು. ‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂಬುದೂ ಇಂತಹ ಒಂದು ಬಿರುದೇ. ಅದರ ಹಿಂದೆ ಬ್ಯಾಟರಿಯಿರಬಹುದು, ನೀರು ಬೆರೆತ ಡೀಸೆಲಿರಬಹುದು, ಪಂಪಿರಬಹುದು, ಗಾಳಿಯಿರಬಹುದು. ಬಿರುದನ್ನು ಕೇಳಿದೊಡನೆ ಚಿಕಿತ್ಸೆಗೆ ತೊಡಗುವವನು ವೈದ್ಯನಲ್ಲ. ಮೊದಲು ರೋಗದ ಹೆಸರನ್ನು ಗೊತ್ತುಮಾಡಬೇಕು. ಫಿಲ್ಟರನ್ನು ಬದಲಿಸಿದ ಮರುಗಳಿಗೆಯಲ್ಲಿಯೇ ಡೀಸೆಲ್ ಗಾಡಿಯು ಹೊರಡದಿದ್ದರೆ, ಮೊದಲು ಸಂಶಯಿಸಬೇಕಾದ ರೋಗವು ವಾತ, ಎಂದರೆ ಗಾಳಿ. ಸಿಂಧನೂರಿನ ಟ್ರ್ಯಾಕ್ಟರಿನವರು ‘ಏರ್ ಹಿಡಿದಿದೆ’ ಎಂದು ಎರಡೇ ಮಾತಿನಲ್ಲಿ ಹೇಳುವುದು ಇದನ್ನೇ.

ಗಾಳಿಯು ಹೀಗೇಕೆ ಕಾಡಬೇಕು? ಪೆಟ್ರೋಲ್ ಯಂತ್ರದಲ್ಲಿರುವಂತೆ ಡೀಸೆಲ್ ಯಂತ್ರದಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಕ್ಕೆ ಬರಿಯ ಗಾಳಿಯನ್ನು ಎಳೆದುಕೊಂಡು, ಅದು ಮೊದಲಿದ್ದ ಸ್ಥಳದ ಸುಮಾರು 15ರಿಂದ 20ನೆಯ ಒಂದು ಪಾಲಿಗೆ ಅಡಗುವಂತೆ ಅದುಮಲಾಗುವುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿಯು ಕೈಗೆ ಬಿಸಿಯಾಗಿ ತಗಲುವುದನ್ನು ಹುಡುಗರೆಲ್ಲರೂ ಬಲ್ಲರು. ಅದೇ ನಿಯಮದಿಂದ ಸಿಲಿಂಡರಿನ ಗಾಳಿಯು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲ್ಪಟ್ಟು ಕಾಯುವುದು. ಆ ಕಾದ ಗಾಳಿಯೊಳಕ್ಕೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುವುದು. ಸಿಂಪಡಿಸುವ ಕೊಳವೆಯ ತುದಿಗೆ ನೋಜಲ್ ಎಂದು ಹೆಸರು. ಕಾರಿನ ನೋಜಲು ಒಂದು ಸಲಕ್ಕೆ ಹೊರಬಿಡುವ ಡೀಸೆಲು ಒಂದು ಹನಿಗಿಂತಲೂ ಕಡಿಮೆ. ಅಷ್ಟು ಅಲ್ಪವನ್ನು ಅಷ್ಟು ಸೂಕ್ಷ್ಮವಾದ ರಂಧ್ರಗಳ ಮೂಲಕ ನೂಕಬೇಕಾದರೆ ಅಪಾರವಾದ ಒತ್ತಡವು ಬೇಕು. ಹಳೆಯ ಯಂತ್ರಗಳಲ್ಲಿ ಅದು ನೂರಾರು ಬಾರ್‌ಗಳಷ್ಟಿತ್ತು. ಈಗಿನ ಕಾರುಗಳಲ್ಲಿ ಸಾವಿರವನ್ನು ಮೀರಿ, ಕೆಲವದರಲ್ಲಿ 2,000 ಬಾರ್‌ವರೆಗೂ ಏರುವುದು. ಕಾರಿನ ಟಯರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡವು ಸುಮಾರು 2 ಬಾರ್ ಎಂಬುದನ್ನು ಸ್ಮರಿಸಿದರೆ ಈ ಅಂಕಿಯ ಅರ್ಥವು ತಿಳಿಯುವುದು.

ದ್ರವಗಳು ಒತ್ತಿದರೆ ಕುಗ್ಗುವುದು ಅತ್ಯಲ್ಪ. ಆದ್ದರಿಂದ ಪಂಪಿನ ಒಂದು ತುದಿಯಲ್ಲಿ ಡೀಸೆಲನ್ನು ನೂಕಿದರೆ ಇನ್ನೊಂದು ತುದಿಯಲ್ಲಿ ಆ ನೂಕು ಒಡನೆಯೇ ಮುಟ್ಟುವುದು. ಗಾಳಿಯಾದರೋ ಒತ್ತಿದಷ್ಟೂ ಕುಗ್ಗುವುದು, ಬಿಟ್ಟೊಡನೆ ಹಿಗ್ಗುವುದು. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿದರೂ ಪಂಪಿನ ಶ್ರಮವೆಲ್ಲವೂ ಆ ಗುಳ್ಳೆಯನ್ನು ಹಿಂಡುವುದರಲ್ಲಿಯೇ ವ್ಯಯವಾಗಿ, ನೋಜಲಿನ ಬಾಯಿಯು ತೆರೆಯದೆ ಉಳಿಯುವುದು. ಸೂಜಿಮದ್ದು ಕೊಡುವ ದಾದಿಯು ಸೂಜಿಯನ್ನು ಮೇಲೆತ್ತಿ ಮೊದಲು ಗಾಳಿಯನ್ನು ಹೊರದೂಡುವುದನ್ನು ಎಲ್ಲರೂ ನೋಡಿರುವರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ರೈತರಿಗೆ ಇನ್ನೂ ಹತ್ತಿರದ ದೃಷ್ಟಾಂತವಿದೆ. ಹಳ್ಳದಿಂದಲೋ ಬಾವಿಯಿಂದಲೋ ನೀರೆತ್ತುವ ಪಂಪ್‌ಸೆಟ್ಟನ್ನು ಬಹುದಿನಗಳ ಮೇಲೆ ನಡೆಯಿಸುವಾಗ, ಮೊದಲು ಎಳೆಗೊಳವೆಯನ್ನೂ ಪಂಪನ್ನೂ ಕೊಡದಿಂದ ನೀರು ಹೊಯ್ದು ತುಂಬಿಸುವರು. ಹಾಗೆ ತುಂಬಿಸದಿದ್ದರೆ ಮೋಟಾರು ಎಷ್ಟು ತಿರುಗಿದರೂ ಹನಿ ನೀರು ಮೇಲೇರದು. ನೀರು ಬೇಕಾದರೆ ಮೊದಲು ನೀರನ್ನು ಕೊಡಬೇಕು. ಡೀಸೆಲ್ ಗಾಡಿಗೂ ಇದೇ ನ್ಯಾಯ. ಫಿಲ್ಟರನ್ನು ಬಿಚ್ಚಿದಾಗ ಅದರೊಳಗಿನ ಡೀಸೆಲು ಅದರೊಡನೆಯೇ ಹೊರಹೋಗುವುದು. ಹೊಸ ಫಿಲ್ಟರು ಒಣಗಿದ ಡಬ್ಬಿ, ತುಂಬ ಗಾಳಿ. ಆ ಗಾಳಿಯನ್ನು ಹೊರಡಿಸಿ ಡೀಸೆಲನ್ನು ತುಂಬಿಸುವ ಕ್ರಿಯೆಯು ಯಂತ್ರದ ಪೂರ್ವರಂಗ. ನಾಂದಿಯಿಲ್ಲದೆ ನಾಟಕವು ಆರಂಭವಾಗದಂತೆ, ಇದಿಲ್ಲದೆ ಯಂತ್ರವು ಹೊರಡದು.

ಇಲ್ಲಿ ಒಂದು ವಿನೋದವಿದೆ. ಈ ಯಂತ್ರಕ್ಕೆ ತನ್ನ ಹೆಸರನ್ನು ಕೊಟ್ಟ ರುಡಾಲ್ಫ್ ಡೀಸೆಲನು 1858ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಜರ್ಮನ್ ಮನೆತನದವನು. 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಅವನ ಯಂತ್ರವು ಯಶಸ್ವಿಯಾಗಿ ನಡೆಯಿತು. ಆಗ ಎಣ್ಣೆಯನ್ನು ಸಿಲಿಂಡರಿಗೆ ಊದಲು ಅದುಮಿದ ಗಾಳಿಯನ್ನೇ ಬಳಸುತ್ತಿದ್ದರು. ಅದಕ್ಕೆ ಬೇಕಾದ ಸಲಕರಣೆಯು ಭಾರಿಯಾದ್ದರಿಂದ ಯಂತ್ರವು ಕಾರ್ಖಾನೆಗೂ ಹಡಗಿಗೂ ಸಲ್ಲುತ್ತಿದ್ದಿತೇ ಹೊರತು ಕಾರಿಗೆ ಒಗ್ಗುತ್ತಿರಲಿಲ್ಲ. ಡೀಸೆಲನು 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಣ್ಮರೆಯಾಗಿ ಕಾಲವಶನಾದನು. 1927ರಲ್ಲಿ ಜರ್ಮನಿಯ ಬಾಷ್ ಕಂಪನಿಯವರು ಗಾಳಿಯ ನೆರವಿಲ್ಲದೆ ಎಣ್ಣೆಯನ್ನೇ ನೇರವಾಗಿ ನೂಕುವ ಚಿಕ್ಕ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. 1936ರಲ್ಲಿ ಮರ್ಸಿಡಿಸ್ ಬೆಂಜ್‌ನವರ ಡೀಸೆಲ್ ಕಾರು ಹೊರಬಂದಿತು. ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ‘ಮೈಕೋ’ ಎಂದು ಮನೆಮಾತಾದ ಕಾರ್ಖಾನೆಯು ಇಂತಹ ಪಂಪುಗಳನ್ನು ಮಾಡಿ ದೇಶದ ಲಾರಿಗಳಿಗೂ ಟ್ರ್ಯಾಕ್ಟರುಗಳಿಗೂ ಒದಗಿಸಿತು. 2008ರಿಂದ ಅದಕ್ಕೆ ಬಾಷ್ ಲಿಮಿಟೆಡ್ ಎಂಬ ಹೆಸರಾಗಿದೆ. ಹೀಗೆ, ಮೊದಲು ಎಣ್ಣೆಯನ್ನು ಊದುವ ಸೇವಕನಾಗಿದ್ದ ಗಾಳಿಯು, ಪಂಪು ಬಂದಂದಿನಿಂದ ಎಣ್ಣೆಯ ದಾರಿಯಲ್ಲಿ ವೈರಿಯಾಯಿತು. ಸಿಲಿಂಡರಿಗೆ ಅದು ಬೇಕೇ ಬೇಕು. ಕೊಳವೆಯಲ್ಲಿ ಮಾತ್ರ ಇರಕೂಡದು.

ಇನ್ನು ಕ್ರಮವನ್ನು ಹೇಳುವೆವು. ಮೊದಲನೆಯದಾಗಿ, ಯಂತ್ರವು ತಣ್ಣಗಾಗಿರಬೇಕು. ನಮ್ಮ ದೇಶದ ಮಾನದಂಡದ ಪ್ರಕಾರ ಡೀಸೆಲಿನ ಆವಿಯು ಕಿಚ್ಚಿಗೆ ಹೊತ್ತತಕ್ಕ ಉಷ್ಣತೆಯು 35 ಡಿಗ್ರಿಗಿಂತ ಕಡಿಮೆಯಿರಬಾರದೆಂದಿದೆ. ನಮ್ಮ ರಾಯಚೂರು ಸೀಮೆಯ ಬೇಸಗೆಯಲ್ಲಿ ನೆರಳಿನ ಬಿಸಿಯೇ 40 ಡಿಗ್ರಿಯನ್ನು ದಾಟುವುದರಿಂದ, ‘ಡೀಸೆಲು ಪೆಟ್ರೋಲಿನಂತಲ್ಲ, ಹೊತ್ತದು’ ಎಂಬ ಧೈರ್ಯವು ಇಲ್ಲಿ ಸಲ್ಲದು. ಬೀಡಿ, ಸಿಗರೇಟು, ದೀಪ ಯಾವುದೂ ಸಮೀಪದಲ್ಲಿರಬಾರದು. ಫಿಲ್ಟರಿನ ಕೆಳಗೆ ಒಂದು ಪಾತ್ರೆಯನ್ನಿಟ್ಟು, ಸುತ್ತಲಿನ ಧೂಳನ್ನು ಚೆನ್ನಾಗಿ ಒರೆಸಿದ ಮೇಲೆಯೇ ಬಿಚ್ಚತಕ್ಕದ್ದು. ಹಳೆಯ ಫಿಲ್ಟರಿನೊಡನೆ ಅದರ ರಬ್ಬರಿನ ಬಳೆಯೂ ಹೊರಬಂದಿತೇ ಎಂಬುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಹೊಸ ಬಳೆಗೆ ಡೀಸೆಲನ್ನು ಸವರಿ, ಫಿಲ್ಟರಿನ ಮೇಲೆ ಬರೆದಿರುವಷ್ಟೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ಬಳೆಯು ನಲುಗಿ ಸೋರತೊಡಗುವುದು.

ಎರಡನೆಯದು, ಗಾಳಿಯನ್ನು ತೆಗೆಯುವುದು. ಇದು ಗಾಡಿಯಿಂದ ಗಾಡಿಗೆ ಭಿನ್ನವಾದರೂ ಮೂರು ಬಗೆಗಳಲ್ಲಿ ಬಹುಪಾಲು ಅಡಗುವುದು. ಟ್ರ್ಯಾಕ್ಟರು ಮತ್ತು ಹಳೆಯ ಜೀಪುಗಳದು ಮೊದಲ ಬಗೆ. ಅವುಗಳಲ್ಲಿ ಕೈಯಿಂದ ಒತ್ತುವ ಚಿಕ್ಕ ಪಂಪೊಂದೂ, ಫಿಲ್ಟರಿನ ತಲೆಯ ಮೇಲೆ ಗಾಳಿ ಬಿಡುವ ಸ್ಕ್ರೂ ಒಂದೂ ಇರುವುವು. ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಕೈಪಂಪನ್ನು ಒತ್ತುತ್ತ ಹೋದರೆ, ಮೊದಲು ಬುರುಬುರುವೆಂದು ನೊರೆ ಹೊರಡುವುದು. ನೊರೆಯು ನಿಂತು ಗುಳ್ಳೆಯಿಲ್ಲದ ಡೀಸೆಲು ಧಾರೆಯಾಗಿ ಬಂದಾಗ, ಒತ್ತುತ್ತಿರುವಂತೆಯೇ ಸ್ಕ್ರೂವನ್ನು ಬಿಗಿಯಬೇಕು. ಟ್ರ್ಯಾಕ್ಟರುಗಳಿಗೆ ಅನೇಕ ವೇಳೆ ಎರಡು ಫಿಲ್ಟರುಗಳಿರುವುದರಿಂದ, ಟಾಂಕಿಗೆ ಸಮೀಪವಾದುದರಿಂದ ಆರಂಭಿಸಿ, ಎರಡನೆಯದಕ್ಕೆ ಬಂದು, ಆಮೇಲೆ ದೊಡ್ಡ ಪಂಪಿನ ಸ್ಕ್ರೂವಿಗೆ ಹೋಗತಕ್ಕದ್ದು. ಡೀಸೆಲು ಹರಿಯುವ ಕ್ರಮವೇ ನಮ್ಮ ಕೈಯ ಕ್ರಮವೂ ಆಗಿರಬೇಕು. ಕೈಪಂಪಿನ ಸನ್ನೆಯು ಕೆಲವು ವೇಳೆ ಸತ್ತಂತೆ ಸಡಿಲವಾಗಿ ಆಡುವುದುಂಟು. ಅದು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಯಂತ್ರವು ನಿಂತ ಸ್ಥಾನದಿಂದ ಹಾಗಾಗಿರಬಹುದು. ಯಂತ್ರವನ್ನು ಅರ್ಧ ಸುತ್ತು ತಿರುವಿ ಮತ್ತೆ ಒತ್ತಿ ನೋಡಬೇಕು.

ಎರಡನೆಯ ಬಗೆಯ ಕಾರುಗಳಲ್ಲಿ ಫಿಲ್ಟರಿನ ಬಳಿ ಕೊಳವೆಯ ನಡುವೆ ರಬ್ಬರಿನ ಉಂಡೆಯೊಂದಿರುವುದು. ಕೆಲವದರಲ್ಲಿ ಫಿಲ್ಟರಿನ ತಲೆಯ ಮೇಲೆ ಒತ್ತುಗುಂಡಿಯಿರುವುದು. ರಕ್ತದೊತ್ತಡವನ್ನು ನೋಡುವ ವೈದ್ಯರು ಹಿಸುಕುವ ಉಂಡೆಯಂತೆ ಅದನ್ನು ಹಿಸುಕುತ್ತ ಬಿಡುತ್ತ ಇರಬೇಕು. ಮೊದಮೊದಲು ಅದು ಟೊಳ್ಳಾಗಿ ತೋರುವುದು. ಫಿಲ್ಟರು ತುಂಬುತ್ತ ಬಂದಂತೆ ಗಡುಸಾಗಿ, ಕಡೆಗೆ ಕೈಗೆ ಎದುರು ನಿಲ್ಲುವುದು. ಆ ಗಡುಸುತನವೇ ಪೂರ್ಣಪಾತ್ರೆಯ ಲಕ್ಷಣ. ಹತ್ತಾರು ಸಲ ಹಿಸುಕಬೇಕಾದರೂ ಬೇಸರಪಡಬಾರದು.

ಮೂರನೆಯ ಬಗೆಯಲ್ಲಿ ಟಾಂಕಿಯೊಳಗೋ ಕೊಳವೆಯ ದಾರಿಯಲ್ಲೋ ವಿದ್ಯುತ್ ಪಂಪಿರುವುದು. ಇದರಲ್ಲಿ ಕೈಗೆ ಕೆಲಸವೇ ಇಲ್ಲ. ಸೆಲ್ಫು ಹೊಡೆಯದೆ ಚಾವಿಯನ್ನು ದೀಪಗಳು ಹೊತ್ತುವ ಸ್ಥಾನದವರೆಗೆ ಮಾತ್ರ ತಿರುವಿದರೆ ಪಂಪು ಕೆಲವು ಸೆಕೆಂಡು ಗುಂಯ್ಯೆಂದು ನಡೆದು ನಿಲ್ಲುವುದು. ಚಾವಿಯನ್ನು ಹಿಂದಿರುಗಿಸಿ ತುಸು ತಾಳಿ, ಮತ್ತೆ ಹಾಗೆಯೇ ಮಾಡಬೇಕು. ನಾಲ್ಕೈದು ಆವೃತ್ತಿಗಳಲ್ಲಿ ಫಿಲ್ಟರು ತುಂಬುವುದು. ಕೆಲವು ಗಾಡಿಗಳಲ್ಲಿ ಈ ಕ್ರಿಯೆಯನ್ನು ಪರೀಕ್ಷಾಯಂತ್ರವನ್ನು ಜೋಡಿಸಿಯೇ ಮಾಡಿಸಬೇಕಾಗುವುದು. ನಿಮ್ಮದು ಯಾವ ಬಗೆಯೆಂಬುದು ಕಾರಿನೊಡನೆ ಕೊಟ್ಟ ಪುಸ್ತಕದಲ್ಲಿರುವುದು. ಎಷ್ಟೋ ಮನೆಗಳಲ್ಲಿ ಆ ಪುಸ್ತಕವು ಕಾರು ಕೊಂಡ ದಿನ ಹಚ್ಚಿದ ಕುಂಕುಮವನ್ನು ಹೊತ್ತು ಬಿಡಿಸದೆಯೇ ಮಲಗಿರುವುದನ್ನು ನಾವು ನೋಡಿರುವೆವು.

ಮೂರನೆಯದಾಗಿ ಸೆಲ್ಫಿನ ಸರದಿ. ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ಒಂದು ನಿಮಿಷದಷ್ಟು ವಿರಾಮವನ್ನು ಕೊಟ್ಟು ಮತ್ತೆ ಪ್ರಯತ್ನಿಸಬೇಕು. ಈಗಿನ ಕಾರುಗಳಲ್ಲಿ ಡೀಸೆಲಿನ ಒತ್ತಡವು ಒಂದು ಮಟ್ಟವನ್ನು ಮುಟ್ಟುವವರೆಗೆ ಒಳಗಿರುವ ಪುಟ್ಟ ಕಂಪ್ಯೂಟರು ನೋಜಲುಗಳನ್ನು ತೆರೆಯಗೊಡದು. ಆದ್ದರಿಂದ ಮೊದಲ ಸಲವೇ ಹೊತ್ತದಿದ್ದರೆ ಗಾಬರಿಪಡಬೇಕಾಗಿಲ್ಲ. ಹೊತ್ತಿದ ಮೇಲೆ ತುಸು ಹೊತ್ತು ಗಡಗಡಿಸಿ, ಮುಗ್ಗರಿಸಿ, ಆಮೇಲೆ ಉಸಿರು ಸಮವಾಗುವುದು. ಐದಾರು ನಿಮಿಷ ಹಾಗೆಯೇ ನಡೆಯಗೊಟ್ಟು, ಫಿಲ್ಟರಿನ ಸುತ್ತಲೂ ಒಣ ಬಟ್ಟೆಯಿಂದ ಒರೆಸಿ, ಒದ್ದೆಯಾಗುವುದೋ ಎಂದು ಪರೀಕ್ಷಿಸಬೇಕು.

ಈಗ ಮಾಡಬಾರದ ಕಾರ್ಯಗಳು. ಮಸ್ಕಿಯಲ್ಲಿ ನಡೆದಂತೆ ಗಾಳಿಯನ್ನು ತೆಗೆಯದೆ ಅರ್ಧ ಗಂಟೆ ಸೆಲ್ಫು ಹೊಡೆಯುವುದು ಮೊದಲನೆಯ ಅನರ್ಥ. ಅದರಿಂದ ಬ್ಯಾಟರಿಯು ಬರಿದಾಗುವುದು, ಸೆಲ್ಫು ಕಾದು ಸುಡುವುದು. ಇವೆರಡಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಒತ್ತಡದ ಪಂಪಿನ ಒಳಭಾಗಗಳಿಗೆ ಡೀಸೆಲೇ ಎಣ್ಣೆ. ಅದು ಒಣಗಿ ತಿರುಗಿದರೆ ಉಕ್ಕು ಉಕ್ಕನ್ನು ಉಜ್ಜಿ, ಕಣ್ಣಿಗೆ ಕಾಣದಂತಹ ಪುಡಿಯೆದ್ದು, ಆ ಪುಡಿಯು ನೋಜಲುಗಳವರೆಗೂ ಹೋಗಿ ಅವನ್ನೂ ಕೆಡಿಸುವುದು. ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದವರೆಗಿನ ಫಿಲ್ಟರಿನ ಕೆಲಸವು ಹತ್ತಾರು ಸಾವಿರದ ಕೆಲಸವಾಗುವುದು ಹೀಗೆ. ಪಂಪು ಹೋಗಿದೆಯೆಂಬ ಮಾತು ಮೊದಲು ಸುಳ್ಳಾಗಿದ್ದರೂ, ಹೇಳಿದವನ ಕೈಯಿಂದಲೇ ಕ್ರಮೇಣ ನಿಜವಾಗಬಹುದು.

ಹೊಸ ಫಿಲ್ಟರಿನ ನಡುವಿನ ರಂಧ್ರದಲ್ಲಿ ಡಬ್ಬಿಯಿಂದ ಡೀಸೆಲನ್ನು ಸುರಿದು ಹಾಕುವುದು ಎರಡನೆಯ ತಪ್ಪು. ಬಹುತೇಕ ಫಿಲ್ಟರುಗಳಲ್ಲಿ ಆ ನಡುವಿನ ದಾರಿಯು ಸೋಸಿದ ಡೀಸೆಲಿನದು. ಅಲ್ಲಿ ಸುರಿದುದು ಸೋಸದೆಯೇ ಪಂಪಿಗೆ ನುಗ್ಗುವುದು. ಮಜ್ಜಿಗೆಯನ್ನು ಸೋಸಲು ಬಟ್ಟೆ ಕಟ್ಟಿ, ಬಟ್ಟೆಯ ಕೆಳಗಿನ ಪಾತ್ರೆಗೇ ನೇರವಾಗಿ ಸುರಿದಂತೆ ಅದು. ತಯಾರಕರ ಪುಸ್ತಕವು ಒಪ್ಪದ ಹೊರತು ಒಣ ಫಿಲ್ಟರನ್ನೇ ಕೂಡಿಸಿ, ಪಂಪಿನಿಂದ ತುಂಬಿಸುವುದು ಲೇಸು. ಬೇಗ ಹೊತ್ತಲೆಂದು ಗಾಳಿಯ ಬಾಯಿಗೆ ಹೊತ್ತುವ ದ್ರವವನ್ನು ಸಿಂಪಡಿಸುವುದು ಮೂರನೆಯದು. ಒಳಗೆ ಕಾದ ತಂತಿಯ ಪ್ಲಗ್ಗುಗಳಿರುವ ಕಾರುಗಳಲ್ಲಿ ಅದು ಸಿಡಿದು ಯಂತ್ರವನ್ನೂ ಎದುರಿಗಿರುವವನನ್ನೂ ಗಾಯಗೊಳಿಸಬಹುದು.

ನಾಲ್ಕನೆಯದನ್ನು ವಾಚಕರು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ನೋಜಲಿಗೆ ಹೋಗುವ ಕೊಳವೆಯ ನಟ್ಟನ್ನು ಪಾನಾದಿಂದ ಸಡಿಲಿಸಿ, ಸೆಲ್ಫು ಹೊಡೆದು, ಕಡೆಯ ಗಾಳಿಯನ್ನು ಹೊರಡಿಸುವ ವಾಡಿಕೆಯುಂಟು. ಬಲ್ಲವರು ಮುಖವನ್ನೂ ಕೈಯನ್ನೂ ದೂರವಿಟ್ಟು ಅದನ್ನು ಮಾಡುವರು. ಅದೇ ವಾಡಿಕೆಯನ್ನು ಈಗಿನ ಕಾರಿಗೆ ತಂದರೆ ಪ್ರಾಣಾಪಾಯ. ಒಂದೇ ದಪ್ಪ ಕೊಳವೆಯಲ್ಲಿ ಒತ್ತಡವನ್ನು ಕೂಡಿಟ್ಟು ಎಲ್ಲ ನೋಜಲುಗಳಿಗೂ ಹಂಚುವ ‘ಕಾಮನ್ ರೈಲ್’ ಪದ್ಧತಿಯು 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ ಕಾರಿನಲ್ಲಿ ಬಂದು, ಈಗ ನಮ್ಮ ಡೀಸೆಲ್ ಕಾರುಗಳಲ್ಲೆಲ್ಲ ನೆಲೆಸಿದೆ. ಆ ಒತ್ತಡದಲ್ಲಿ ಕೂದಲೆಳೆಯಷ್ಟು ಸಂದಿನಿಂದ ಚಿಮ್ಮಿದ ಡೀಸೆಲು ಚರ್ಮವನ್ನು ಸೂಜಿಯಂತೆ ತೂರಿ ಮಾಂಸದೊಳಕ್ಕೆ ಇಳಿಯುವುದು. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗುರುತು; ನೋವೂ ಮೊದಲು ಹೆಚ್ಚಿರದು. ಒಳಗೆ ಮಾತ್ರ ಗಂಟೆಗಂಟೆಗೂ ಮಾಂಸವು ಕೊಳೆಯುತ್ತ ಹೋಗಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ಹಾಗೇನಾದರೂ ಆದರೆ ಅರಿಸಿನ ಮೆತ್ತಿ ಮನೆಯಲ್ಲಿ ಕೂಡದೆ, ಆ ಕ್ಷಣವೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಿ, ‘ಒತ್ತಡದ ಡೀಸೆಲು ಒಳಹೊಕ್ಕಿದೆ’ ಎಂದೇ ಹೇಳಬೇಕು. ಕಾಮನ್ ರೈಲ್ ಕಾರಿನಲ್ಲಿ ಉಕ್ಕಿನ ಕೊಳವೆಗಳ ನಟ್ಟಿಗೆ ಪಾನಾ ಹಾಕುವವನನ್ನು ಯಜಮಾನನು ಅಲ್ಲಿಯೇ ತಡೆಯತಕ್ಕದ್ದು.

ರೋಗದ ಇನ್ನೊಂದು ರೂಪವನ್ನೂ ಹೇಳಬೇಕು. ನಮ್ಮ ಬಂಧುಗಳೊಬ್ಬರ ಕಾರು ಫಿಲ್ಟರನ್ನು ಬದಲಿಸಿದ ದಿನ ಚೆನ್ನಾಗಿಯೇ ಹೊರಟಿತು. ಮರುದಿನ ಬೆಳಗ್ಗೆ ಬಹಳ ಹೊತ್ತು ಪೀಡಿಸಿ ಹೊತ್ತಿಕೊಂಡಿತು. ಮೂರನೆಯ ದಿನ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ಮಸ್ಕಿಯ ಈಚೆಗೆ, ಸಂಜೆಗತ್ತಲೆಯಲ್ಲಿ, ಹೆದ್ದಾರಿಯ ನಡುವೆಯೇ ನಿಂತಿತು. ಒಳಗೆ ಹೆಂಗಸರೂ ಮಕ್ಕಳೂ ಇದ್ದರು. ಹಿಂದಿನಿಂದ ಭತ್ತ ತುಂಬಿದ ಲಾರಿಗಳು ಬರುತ್ತಿದ್ದುವು. ಗಾಡಿಯನ್ನು ಪಕ್ಕಕ್ಕೆ ನೂಕುವಷ್ಟರಲ್ಲಿ ಅವರಿಗೆ ಜೀವವೇ ಬಾಯಿಗೆ ಬಂದಿತ್ತಂತೆ. ಪರೀಕ್ಷಿಸಲಾಗಿ, ಫಿಲ್ಟರಿನ ತಲೆಗೆ ಹಳೆಯ ರಬ್ಬರ್ ಬಳೆಯು ಅಂಟಿಕೊಂಡೇ ಇದ್ದು, ಅದರ ಮೇಲೆ ಹೊಸ ಬಳೆಯು ಕುಳಿತಿತ್ತು. ಎರಡರ ಸಂದಿನಿಂದ ಗಾಳಿಯು ಒಳನುಸುಳುತ್ತಿತ್ತು. ಇದರಿಂದ ತಿಳಿಯಬೇಕಾದುದೇನೆಂದರೆ, ಬದಲಿಸಿದೊಡನೆಯೇ ಹೊರಡದ ಗಾಡಿಯಲ್ಲಿ ಉಳಿದ ಗಾಳಿಯ ದೋಷವಿರುವುದು. ರಾತ್ರಿ ನಿಂತು ಬೆಳಗ್ಗೆ ಪೀಡಿಸುವ ಗಾಡಿಯಲ್ಲಿ ಒಳಬರುವ ಗಾಳಿಯ ದೋಷವಿರುವುದು. ಮೊದಲನೆಯದಕ್ಕೆ ಗಾಳಿಯನ್ನು ತೆಗೆದರೆ ಸಾಕು. ಎರಡನೆಯದಕ್ಕೆ ಅದು ಬರುವ ಬಾಗಿಲನ್ನು ಹುಡುಕಿ ಮುಚ್ಚಬೇಕು. ಎಳೆಯುವ ಬದಿಯ ಸಂದಿನಿಂದ ಗಾಳಿಯು ಒಳಬರುವುದೇ ಹೊರತು ಡೀಸೆಲು ಹೊರಗೆ ತೊಟ್ಟಿಕ್ಕದೆಯೂ ಇರಬಹುದು. ಆದ್ದರಿಂದ ನೆಲವು ಒಣಗಿದೆಯೆಂಬುದೊಂದನ್ನೇ ನಂಬಬಾರದು.

ಪಂಪು ನಿಜವಾಗಿಯೂ ಕೆಡುವುದಿಲ್ಲವೇ? ಕೆಡುವುದು. ಆದರೆ ಅದನ್ನು ಒಪ್ಪುವ ಮುನ್ನ ಯಜಮಾನನು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಟಾಂಕಿಯಲ್ಲಿ ಡೀಸೆಲಿದೆಯೇ? ಬ್ಯಾಟರಿಯು ತುಂಬಿದೆಯೇ? ಫಿಲ್ಟರಿನಿಂದ ಹೊರಡುವ ಕೊಳವೆಯಲ್ಲಿ ಗುಳ್ಳೆಯಿಲ್ಲದ ಡೀಸೆಲು ಬರುತ್ತಿರುವುದನ್ನು ನೋಡಿರುವೆಯಾ? ಸೆಲ್ಫು ಹೊಡೆಯುವಾಗ ರೈಲಿನ ಒತ್ತಡವೆಷ್ಟೆಂದು ಪರೀಕ್ಷಾಯಂತ್ರವು ತೋರಿಸಿತು? ಈ ನಾಲ್ಕಕ್ಕೂ ಸಮಾಧಾನವು ದೊರೆತ ಮೇಲೆ, ಡೀಸೆಲಿನಲ್ಲಿ ಲೋಹದ ಪುಡಿಯು ಮಿರುಗುತ್ತಿದ್ದರೆ, ಪಂಪಿನ ಮಾತನ್ನು ಆಡಬಹುದು. ಮಸ್ಕಿಯ ವಾಚಕರು ಬೇರೆ ಬ್ಯಾಟರಿಯನ್ನು ಜೋಡಿಸಿ, ಪುಸ್ತಕದಲ್ಲಿದ್ದಂತೆ ರಬ್ಬರಿನ ಉಂಡೆಯನ್ನು ಗಡುಸಾಗುವವರೆಗೆ ಹಿಸುಕಿಸಿದರು. ಮೂರನೆಯ ಸಲ ಸೆಲ್ಫು ಹೊಡೆದಾಗ ಗಾಡಿಯು ಹೊರಟಿತು. ಆಸ್ಪತ್ರೆಯ ದಿನವೂ ತಪ್ಪಲಿಲ್ಲವೆಂದು ತಿಳಿಸಿರುವರು. ಅರ್ಧ ಗಂಟೆಯ ಒಣ ತಿರುಗಾಟದಿಂದ ಪಂಪಿಗೆ ಸವೆತವಾಗಿದೆಯೋ ಎಂಬುದನ್ನು ಒಮ್ಮೆ ಯಂತ್ರಶಾಲೆಯಲ್ಲಿ ನೋಡಿಸಬೇಕೆಂದು ನಾವು ಹೇಳಿರುವೆವು.

ಕಡೆಯದಾಗಿ, ರೋಗವು ಬರುವ ಮುನ್ನಿನ ಪಥ್ಯ. ಟಾಂಕಿಯು ಪೂರ್ತಿ ಬರಿದಾದರೂ ಕೊಳವೆಗಳಿಗೆ ಗಾಳಿಯು ಸೇರಿ ಇದೇ ಉಪದ್ರವವಾಗುವುದರಿಂದ, ಸೂಚಕದ ಮುಳ್ಳನ್ನು ಕೆಳಗಿನ ಗೆರೆಗೆ ಇಳಿಯಗೊಡಬಾರದು. ಟ್ರ್ಯಾಕ್ಟರಿಗೆಂದು ಮನೆಯ ಪೀಪಾಯಿಯಲ್ಲಿಟ್ಟ ಡೀಸೆಲನ್ನು ಕಾರಿಗೆ ಸುರಿಯುವ ಪದ್ಧತಿಯು ನಮ್ಮ ಕಾಲುವೆ ಸೀಮೆಯಲ್ಲಿ ಕಾಣಬರುತ್ತದೆ. ಪೀಪಾಯಿಯ ತಳದಲ್ಲಿ ನೀರೂ ತುಕ್ಕೂ ಕೂಡಿರುವುವು. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳದಲ್ಲಿ ಅಡಗಿ ಕಣ್ಣಿಗೆ ಬೀಳದು. ಟ್ರ್ಯಾಕ್ಟರು ಸಹಿಸಿದುದನ್ನು ಕಾರು ಸಹಿಸದು. ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪಿದ್ದರೆ ಪುಸ್ತಕವು ಹೇಳಿದ ಕಾಲಕ್ಕೆ ಬಿಡಿಸಬೇಕು. ನೀರಿನ ಸೂಚನೆಯ ದೀಪವು ಹೊತ್ತಿದರೆ ಅಂದೇ ಬಿಡಿಸಬೇಕು. ಪಾತ್ರೆಯಲ್ಲಿ ಹಿಡಿದ ಹಳೆಯ ಡೀಸೆಲನ್ನು ಚರಂಡಿಗೋ ಕಾಲುವೆಗೋ ಚೆಲ್ಲಬಾರದು. ಅದೇ ನೀರು ಮುಂದಿನ ಊರಿನ ಗದ್ದೆಗೂ ದನಕರುಗಳಿಗೂ ಹೋಗುವುದು. ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಕೊಳ್ಳುವ ಯಂತ್ರಶಾಲೆಗೆ ಕೊಡತಕ್ಕದ್ದು. ಡೀಸೆಲು ಬಿದ್ದ ರಬ್ಬರಿನ ಕೊಳವೆಗಳನ್ನೂ ಪಟ್ಟಿಗಳನ್ನೂ ಒಡನೆಯೇ ಒರೆಸತಕ್ಕದ್ದು.

ಮನೆಯಲ್ಲಿ ಗಂಡಸರಿಲ್ಲದ ವೇಳೆಯಲ್ಲಿಯೂ ಕಾರು ಕೆಡಬಹುದು; ಈಗ ಕಾರನ್ನು ನಡೆಯಿಸುವ ಗೃಹಿಣಿಯರೂ ಹೆಣ್ಣುಮಕ್ಕಳೂ ಬಹಳ ಮಂದಿ. ಆದ್ದರಿಂದ ಒಂದು ಕಾಗದದ ಮೇಲೆ, ನಮ್ಮ ಗಾಡಿಗೆ ಕೈಪಂಪೋ ಉಂಡೆಯೋ ವಿದ್ಯುತ್ ಪಂಪೋ, ಅದು ಎಲ್ಲಿದೆ, ಫಿಲ್ಟರನ್ನು ಯಾವ ದಿನ, ಎಷ್ಟು ಕಿಲೋಮೀಟರಿಗೆ ಬದಲಿಸಿತು, ಎಂಬಿಷ್ಟನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ಕಾರಿನ ಪುಸ್ತಕದೊಳಗೆ ಇಡಬೇಕು. ಅದರ ಕೆಳಗೆ, ‘ಮೊದಲು ಗಾಳಿ, ಆಮೇಲೆ ಸೆಲ್ಫು’ ಎಂಬ ನಾಲ್ಕು ಪದಗಳನ್ನೂ ಸೇರಿಸಿದರೆ, ಸಂಜೆಗತ್ತಲೆಯಲ್ಲಿ ಅಪರಿಚಿತವಾದ ಊರಿನ ಬಳಿ ನಿಂತ ಮನೆಯವರಿಗೆ ಅದೇ ಸಾಕಷ್ಟು ಧೈರ್ಯವನ್ನು ಕೊಟ್ಟೀತು.